ಇಸ್ರೇಲ್: ಕೆಲಸದ ಮನೆಯ ಅಜ್ಜ ತೀರಿಕೊಂಡಿದ್ದಾರೆ. ಶಿವಾ (ಯಹೂದಿಗಳು ಮನೆಯಲ್ಲಿ ಕೂತು ಮಾಡುವ ಶೋಕ) ಏಳು ದಿನ, ಆಮೇಲೆ ಅಜ್ಜಿಯನ್ನು ಹೇಗೆ ನೋಡಿಕೊಳ್ಳುವುದು?

ಕಟಪಾಡಿಯವಳು

ಎಲ್ಲರಿಗೂ ನಮಸ್ಕಾರ. ರಾಮತ್ ಗಾನ್‌ನಲ್ಲಿ ಕೇರ್‌ಗಿವರ್ ಕೆಲಸ. ಮನೆಯ ಅಜ್ಜ ನಿನ್ನೆ ರಾತ್ರಿ ಹತ್ತು ಗಂಟೆಗೆ ಹೋದರು, ಇವತ್ತು ಮಂಗಳವಾರ ಮಧ್ಯಾಹ್ನ ಮಣ್ಣು ಮಾಡುತ್ತಾರೆ. ಅಜ್ಜಿಗೆ 84. ವಾಕರ್ ಹಿಡಿದು ನಡೆಯುತ್ತಾರೆ, ಬಿಪಿ ಮತ್ತು ಶುಗರ್ ಮಾತ್ರೆ ಉಂಟು, ಮರೆವು ಶುರುವಾಗಿದೆ. ಮಕ್ಕಳು ಮೂವರು, ಏಳು ದಿನವೂ ಈ ಮನೆಯಲ್ಲೇ ಕೂರುತ್ತಾರಂತೆ. ಪೋಲೆಂಡ್ ಕಡೆಯಿಂದ ಬಂದ ಅಶ್ಕೆನಾಜಿ (ಯುರೋಪಿನ ಯಹೂದಿ) ಮನೆತನ, ಕೋಷರ್, ಅಂದರೆ ಮಾಂಸ ಹಾಲು ಬೆರೆಸಬಾರದಂಥ ಊಟದ ನಿಯಮ, ಬಹಳ ಕಟ್ಟುನಿಟ್ಟು.

ಕೇಳಬೇಕಾದದ್ದು ಇಷ್ಟು. ಏಳು ದಿನ ಮನೆಯಲ್ಲಿ ಏನು ಮಾಡಬೇಕು, ಏನನ್ನು ಮುಟ್ಟಬಾರದು? ಅಜ್ಜಿಗೆ ಸ್ನಾನ ಮಾಡಿಸಬಹುದಾ? ಅಡುಗೆ ನಾನು ಮಾಡಬಹುದಾ? ಶುಕ್ರವಾರ ಸಂಜೆ ವೈನ್ ಮೇಲಿನ ಪ್ರಾರ್ಥನೆ ಹೇಳುತ್ತಿದ್ದದ್ದು ಅಜ್ಜ, ಇನ್ನು ಯಾರು ಹೇಳುವುದು? ಅವರ ಬಟ್ಟೆ, ಪುಸ್ತಕ ಎಲ್ಲ ಕಣ್ಣಿಗೆ ಬೀಳದ ಹಾಗೆ ತೆಗೆದಿಡುವುದು ಒಳ್ಳೆಯದಾ? ಕೇಳಲಿಕ್ಕೆ ಮಕ್ಕಳಿಗೆ ಈಗ ಪುರುಸೊತ್ತಿಲ್ಲ.

---

ಹೈಫಾ ಕನ್ನಡಿಗ

ಲೆಕ್ಕದಿಂದ ಶುರು ಮಾಡುವ. ಎಣಿಸುವುದು ತೀರಿಕೊಂಡ ದಿನದಿಂದ ಅಲ್ಲ, ಮಣ್ಣಾದ ದಿನದಿಂದ. ಇವತ್ತು ಸೂರ್ಯಾಸ್ತದ ಮೊದಲು ಮಣ್ಣಾದರೆ ಮಂಗಳವಾರವೇ ಒಂದನೇ ದಿನ. ಮುಂದಿನ ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಸ್ವಲ್ಪ ಹೊತ್ತು ಕೂತು ಏಳುತ್ತಾರೆ, ಅಲ್ಲಿಗೆ ಏಳು ದಿನ ಲೆಕ್ಕ. ಅವತ್ತೇ ಸಮಾಧಿಗೂ ಹೋಗುತ್ತಾರೆ. ಕ್ಯಾಲೆಂಡರ್ ನೋಡಿಕೊಳ್ಳಿ: ನಡುವೆ ಪೆಸಾಖ್, ರೋಷ್ ಹಶಾನಾದಂಥ ದೊಡ್ಡ ಹಬ್ಬ ಬಂದರೆ ಉಳಿದ ದಿನಗಳು ಅಲ್ಲಿಗೇ ರದ್ದು. ಎರಡು ದಿನ ಕೂತಿದ್ದರೂ ಅಷ್ಟೇ.

ಸ್ಮಶಾನದಿಂದ ಬರುವ ಮೊದಲು ಬಾಗಿಲ ಹೊರಗೆ ಒಂದು ಬಕೆಟ್ ನೀರು, ಒಂದು ಚೊಂಬು ಇಡಿ. ಕೈ ತೊಳೆದು ಒಳಗೆ ಬರುತ್ತಾರೆ. ಕನ್ನಡಿಗಳಿಗೆ ಬೆಡ್‌ಶೀಟ್ ಮುಚ್ಚಿ ಟೇಪ್ ಹಚ್ಚಿ. ಬಚ್ಚಲಿನ ಕನ್ನಡಿ ಮರೆತುಹೋಗುತ್ತದೆ, ಅದನ್ನೂ ಮುಚ್ಚಿ. ಏಳು ದಿನ ಉರಿಯುವ ನೆರ್ ನೆಷಮಾ ದೀಪವನ್ನು ಮಕ್ಕಳು ಹಚ್ಚುತ್ತಾರೆ, ಜಾಗ ಮಾತ್ರ ನೀವು ನೋಡಿ ಕೊಡಿ: ಲೋಹದ ತಟ್ಟೆಯ ಮೇಲೆ, ಪರದೆಯಿಂದಲೂ ಕನ್ನಡಿ ಮೇಲಿನ ಬಟ್ಟೆಯಿಂದಲೂ ದೂರ, ವಾಕರ್ ತಗಲದ ಕಡೆ. ಅಜ್ಜನ ಆಕ್ಸಿಜನ್ ಯಂತ್ರ ಇನ್ನೂ ಮನೆಯಲ್ಲಿದ್ದರೆ ಮೊದಲು ಆಫ್ ಮಾಡಿ ಬೇರೆ ಕೋಣೆಗೆ ಸಾಗಿಸಿ. ಅಜ್ಜಿಗೇ ಆಕ್ಸಿಜನ್ ಇದ್ದರೆ ಬೆಂಕಿಯ ದೀಪ ಬೇಡ, ವಿದ್ಯುತ್ ದೀಪ ಸಿಗುತ್ತದೆ, ಮಗನ ಹತ್ತಿರ ಹೇಳಿ.

ಬಾಗಿಲು ಹಗಲಿಡೀ ತೆರೆದೇ ಇರುತ್ತದೆ. ಬಂದವರು ಬೆಲ್ ಒತ್ತುವುದಿಲ್ಲ, ನಮಸ್ಕಾರ ಹೇಳುವುದಿಲ್ಲ, ಅಜ್ಜಿ ತಾನಾಗಿ ಮಾತು ತೆಗೆಯುವ ತನಕ ಸುಮ್ಮನೆ ಕೂರುತ್ತಾರೆ. ಇದು ಅಗೌರವವಲ್ಲ, ಪದ್ಧತಿಯೇ ಹಾಗೆ. ಮರೆವಿನ ಅಜ್ಜಿಗೆ ತೆರೆದ ಬಾಗಿಲೇ ಅಪಾಯ. ಯಾರೂ ಇಲ್ಲದ ಹೊತ್ತಿನಲ್ಲಿ ಮೆಟ್ಟಿಲಿಳಿದು ಹೋಗಬಹುದು. ಮಧ್ಯಾಹ್ನ 2ರಿಂದ 4 ಮತ್ತು ರಾತ್ರಿ 9ರ ನಂತರ ಭೇಟಿ ಇಲ್ಲ ಎಂದು ಹೀಬ್ರೂನಲ್ಲಿ ಬರೆದು ಬಾಗಿಲಿಗೆ ಅಂಟಿಸಲು ಮಗಳಿಗೆ ಹೇಳಿ. ಇಲ್ಲಿ ಹಾಗೆ ಅಂಟಿಸುವುದು ಮಾಮೂಲು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೆಲದ ಹತ್ತಿರದ ತಗ್ಗು ಸ್ಟೂಲು ಮಕ್ಕಳಿಗೆ. 84ರ ಮೊಣಕಾಲಿಗೆ ಅದು ಬೇಡವೇ ಬೇಡ. ವಯಸ್ಸಾದವರು, ಕಾಯಿಲೆಯವರು ಮಾಮೂಲು ಕುರ್ಚಿಯಲ್ಲಿ ಕೂರಬಹುದು. ಚರ್ಮದ ಚಪ್ಪಲಿ ಹಾಕುವಂತಿಲ್ಲ, ಹಾಗಂತ ಬರೀ ಕಾಲುಚೀಲದಲ್ಲಿ ನಡೆಸಬೇಡಿ, ಜಾರುತ್ತದೆ. ರಬ್ಬರ್ ಸೋಲಿನ ಬಟ್ಟೆಯ ಚಪ್ಪಲಿ ಸರಿ. ಸ್ನಾನದಲ್ಲಿ ನಿಷೇಧ ಇರುವುದು ಸುಖಕ್ಕಾಗಿ ಮಾಡುವ ಸ್ನಾನಕ್ಕೆ, ಶುಚಿಗೆ ಮತ್ತು ಆರೋಗ್ಯಕ್ಕೆ ಅಲ್ಲ. ಮೈ ಒರೆಸಿ, ಒಳಬಟ್ಟೆ ಬದಲಿಸಿ, ಡೈಪರ್ ಇದ್ದರೆ ಅದಂತೂ ಸರಿಯೇ ಸರಿ. ಸುವಾಸನೆಯ ಎಣ್ಣೆ, ಕ್ರೀಮ್ ಬೇಡ. ಚರ್ಮಕ್ಕೆ ಡಾಕ್ಟರ್ ಬರೆದುಕೊಟ್ಟದ್ದಾದರೆ ಹಚ್ಚಿ.

ಒಗೆಯುವಾಗ ಒಂದು ಎಚ್ಚರ. ಮಣ್ಣು ಮಾಡುವಾಗ ಎಲ್ಲರ ಮೇಲಂಗಿಯನ್ನೂ ಕುತ್ತಿಗೆ ಹತ್ತಿರ ಹರಿದಿರುತ್ತಾರೆ. ಗಂಡನನ್ನು ಕಳೆದುಕೊಂಡವರಿಗೆ ಬಲಗಡೆ, ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಎಡಗಡೆ. ಹರಿದಿದೆ ಎಂದು ಪಾಪ ಅನಿಸಿ ಹೊಲಿದುಬಿಡಬೇಡಿ. ಅಜ್ಜಿಯದಕ್ಕೆ ಏಳು ದಿನದ ಮೇಲೆ ಕಚ್ಚಾ ಹೊಲಿಗೆ, 30 ದಿನದ ಮೇಲೆ ಸರಿ ಹೊಲಿಗೆ ಹಾಕಬಹುದು. ಮಕ್ಕಳದಕ್ಕೆ 30ರ ಮೇಲೆ ಕಚ್ಚಾ ಹೊಲಿಗೆ ಮಾತ್ರ, ಪೂರ್ತಿ ಹೊಲಿಯುವುದು ಎಂದಿಗೂ ಇಲ್ಲ.

---

ಕುಂದಾಪ್ರದ ಬಾಣಸಿಗ

ಅಡುಗೆಮನೆ ನನ್ನ ಪಾಲಿಗಿರಲಿ.

ಸ್ಮಶಾನದಿಂದ ಬಂದ ಮೇಲಿನ ಮೊದಲ ಊಟವನ್ನು ಮನೆಯವರು ತಮ್ಮ ಸಾಮಾನಿನಿಂದ ಉಣ್ಣುವ ಹಾಗಿಲ್ಲ, ಅಕ್ಕಪಕ್ಕದವರು ತರುತ್ತಾರೆ. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಮಸೂರ ಬೇಳೆ, ಉರುಟಾಗಿರುವಂಥದ್ದು. ನೀವು ನೋಡಬೇಕಾದ್ದು ಅಜ್ಜಿಯ ಶುಗರ್. ಬೆಳಗಿನಿಂದ ಏನೂ ತಿನ್ನದೆ ಮಾತ್ರೆ ಮಾತ್ರ ನುಂಗಿದ್ದರೆ ಸ್ಮಶಾನದಲ್ಲೇ ತಲೆ ತಿರುಗಬಹುದು. ಪರ್ಸಿನಲ್ಲಿ ಎರಡು ಖರ್ಜೂರ, ಒಂದು ನೀರಿನ ಬಾಟ್ಲಿ ಇರಲಿ. ಮಣ್ಣಾಗುವ ತನಕ ಮಾಂಸ, ವೈನ್ ಇಲ್ಲ ಎಂದರೆ ಉಪವಾಸ ಎಂದರ್ಥವಲ್ಲ, ತಿನ್ನಿಸಿ.

ಆಮೇಲೆ ದಿನಾ ಡಬ್ಬಿ ಡಬ್ಬಿ ತಿಂಡಿ ಬರುತ್ತದೆ. ಮಾಂಸದ ಪಾತ್ರೆ, ಹಾಲಿನ ಪಾತ್ರೆ ಬೆರಕೆ ಆಗುವುದು ಈ ವಾರವೇ, ಯಾಕೆಂದರೆ ಸಹಾಯಕ್ಕೆ ಬಂದವರು ಸಿಕ್ಕ ಸಿಂಕಿನಲ್ಲಿ ಸಿಕ್ಕಿದ್ದನ್ನು ತೊಳೆಯುತ್ತಾರೆ. ಉಪಾಯ ಸುಲಭ: ಏಳು ದಿನ ಮನೆಯ ಪಾತ್ರೆ ಹೊರಗೆ ತೆಗೆಯಲೇಬೇಡಿ. ಪ್ಲಾಸ್ಟಿಕ್ ತಟ್ಟೆ, ಕಾಗದದ ಲೋಟ, ಒಂದು ದೊಡ್ಡ ನೀರಿನ ಉರ್ನ್ ಸಾಕು. ಬಂದ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಹಾಲು, ಮಾಂಸ, ಪಾರ್ವೆ (ಎರಡೂ ಅಲ್ಲದ್ದು) ಎಂದು ಬರೆದು ಫ್ರಿಜ್ಜಿನಲ್ಲಿ ಬೇರೆ ಬೇರೆ ಹಲಗೆಯ ಮೇಲಿಡಿ. ಬುರೇಕಾ (ಪಫ್ಸಿನಂಥ ತಿಂಡಿ) ಸಾಮಾನ್ಯವಾಗಿ ತ್ರಿಕೋನ ಇದ್ದರೆ ಚೀಸಿನದು, ಚೌಕ ಇದ್ದರೆ ಆಲೂಗಡ್ಡೆಯದು, ಆದರೂ ಪೊಟ್ಟಣದ ಚೀಟಿ ಓದಿಸಿಯೇ ಇಡಿ. ಮಾಂಸ ತಿಂದವರಿಗೆ ಹೆಚ್ಚಿನ ಮನೆಗಳಲ್ಲಿ ಆರು ಗಂಟೆ ಹಾಲು ಇಲ್ಲ. ಅಷ್ಟರೊಳಗೆ ಅಜ್ಜಿಗೆ ಅಭ್ಯಾಸಬಲದಿಂದ ಹಾಲಿನ ಕಾಫಿ ಕೊಟ್ಟುಬಿಡಬೇಡಿ.

ನೀವು ಬೇಯಿಸಬಹುದು, ಆದರೆ ಒಲೆ ಹಚ್ಚುವುದು ಮನೆಯವರೊಬ್ಬರು. ಅಶ್ಕೆನಾಜಿ ಮನೆಯಲ್ಲಿ ಅಷ್ಟು ಸಾಕು. ಸೆಫಾರ್ದಿ (ಸ್ಪೇನ್ ಮೂಲದ ಯಹೂದಿ ಪಂಗಡ) ಮನೆಯಾದರೆ ಪಾತ್ರೆಯನ್ನು ಬೆಂಕಿಯ ಮೇಲಿಡುವುದೂ ಅವರೇ ಆಗಬೇಕು. ನಿಮ್ಮ ಮೀನು, ನಿಮ್ಮ ತೆಂಗಿನಕಾಯಿ ಮಸಾಲೆ ಈ ವಾರ ಆ ಅಡುಗೆಮನೆಯಲ್ಲಿ ಬೇಡ. ಬಂದವರಿಗೆಲ್ಲ ಅದರ ಬಗ್ಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಈಗ ವೈನ್. ಕಟ್ಟುನಿಟ್ಟಿನ ಮನೆಯಲ್ಲಿ ತೆರೆದ ಬಾಟ್ಲಿಯನ್ನು ಯಹೂದಿಯಲ್ಲದವರು ಮುಟ್ಟಿ ಸುರಿದರೆ ಅದನ್ನು ಅವರು ಕುಡಿಯುವುದಿಲ್ಲ. ಚೀಟಿಯಲ್ಲಿ 'ಮೆವುಷಾಲ್' ಎಂದಿದ್ದರೆ ಅದು ಕಾಯಿಸಿದ ವೈನ್, ನೀವು ಸುರಿದರೂ ತೊಂದರೆಯಿಲ್ಲ. ದ್ರಾಕ್ಷಿ ರಸಕ್ಕೂ ಇದೇ ನಿಯಮ. ಅಜ್ಜಿಯ ಕೈ ನಡುಗುತ್ತಿದ್ದು ಇನ್ನು ಮುಂದೆ ನೀವೇ ಸುರಿಯಬೇಕಾದರೆ ಮನೆಗೆ ಮೆವುಷಾಲ್ ಮಾತ್ರ ತರಿಸಿ.

---

ಕಟಪಾಡಿಯವಳು

ಇಬ್ಬರಿಗೂ ಧನ್ಯವಾದ. ಅಂಗಿ ಹೊಲಿಯುವ ವಿಷಯ ಗೊತ್ತೇ ಇರಲಿಲ್ಲ. ಶುಕ್ರವಾರದ್ದು ಯಾರಾದರೂ ಹೇಳಿ. ಇನ್ನೊಂದು, "ಅವರೆಲ್ಲಿ, ಇನ್ನೂ ಬಂದಿಲ್ಲವಾ" ಎಂದು ಅಜ್ಜಿ ಕೇಳಿದರೆ ಏನು ಹೇಳುವುದು?

---

ಬೆನಕ

ಶುಕ್ರವಾರ ನಿಮಗೆ ನಾಲ್ಕನೇ ದಿನ. ಅವತ್ತು ಸಂಜೆಯಿಂದ ಶನಿವಾರ ರಾತ್ರಿಯ ತನಕ ಷಬ್ಬಾತ್, ಅವರ ವಿರಾಮದ ದಿನ. ಅದು ಏಳರ ಲೆಕ್ಕಕ್ಕೆ ಸೇರುತ್ತದೆ, ಆದರೆ ಆ ಒಂದು ದಿನ ಹೊರಗೆ ಕಾಣುವಂಥ ಶೋಕ ಇಲ್ಲ. ತಗ್ಗು ಸ್ಟೂಲಿಲ್ಲ, ಹರಿದ ಬಟ್ಟೆಯಿಲ್ಲ, ಭೇಟಿಗೆ ಬರುವವರೂ ಇಲ್ಲ. ಮೂರು ದಿನ ಗಿಜಿಗುಡುತ್ತಿದ್ದ ಮನೆ ಒಮ್ಮೆಗೇ ಖಾಲಿಯಾಗಿ, ಅದೇ ಹೊತ್ತಿಗೆ ಮೇಜಿನ ತಲೆಕಡೆಯ ಕುರ್ಚಿಯೂ ಖಾಲಿ ಕಾಣುತ್ತದೆ. ಅಜ್ಜಿ ಕುಸಿಯುವುದು ಸ್ಮಶಾನದಲ್ಲಲ್ಲ, ಈ ಸಂಜೆ. ಹಾಗಾಗಿ ಆ ಕುರ್ಚಿಯ ವಿಷಯವನ್ನು ಮಧ್ಯಾಹ್ನವೇ ಮಕ್ಕಳ ಹತ್ತಿರ ಮಾತಾಡಿ. ಯಾರಾದರೂ ಅಲ್ಲಿ ಕೂರುವುದೋ, ಖಾಲಿ ಬಿಡುವುದೋ, ಅಜ್ಜಿಯೇ ಅಲ್ಲಿಗೆ ಬರುವುದೋ? ಶಾಸ್ತ್ರ ಇದರಲ್ಲಿ ಕೈ ಹಾಕುವುದಿಲ್ಲ, ಅಜ್ಜಿ ಹೇಳಿದ ಹಾಗೆ. ದೀಪ ಹಚ್ಚಿದ ಮೇಲೆ ಎಲ್ಲರೂ ನಿಂತುಕೊಂಡು ಮುಖ ಮುಖ ನೋಡುವ ಹಾಗೆ ಆಗಬಾರದು.

ದೀಪ: ಎರಡು ಮೇಣದ ಬತ್ತಿ ಹಚ್ಚುವುದು ಅಜ್ಜಿಯ ಕೆಲಸವಾಗಿತ್ತು, ಈಗಲೂ ಅವರದೇ. ಗಂಡ ಹೋದರೆ ಅದು ನಿಲ್ಲುವುದಿಲ್ಲ. ಹೊತ್ತು ಊರಿಂದೂರಿಗೆ ಬೇರೆ. ಯೆರೂಸಲೇಮಿನಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮೊದಲು, ಹೈಫಾದಲ್ಲಿ 30, ನಿಮ್ಮ ಊರಿನದನ್ನು ಕ್ಯಾಲೆಂಡರಿನಲ್ಲಿ ನೋಡಿ. ಆಮೇಲೆ ಮೇಣದ ಬತ್ತಿಯನ್ನಾಗಲಿ ನೆರ್ ನೆಷಮಾವನ್ನಾಗಲಿ ಷಬ್ಬಾತ್ ಮುಗಿಯುವ ತನಕ ಸರಿಸುವ ಹಾಗಿಲ್ಲ, ಆದ್ದರಿಂದ ಜಾಗ ಮೊದಲೇ ಸರಿ ಮಾಡಿಡಿ. ಬಿಸಿನೀರಿನ ಉರ್ನ್, ಊಟ ಬಿಸಿಯಾಗಿಡುವ ಪ್ಲಾಟಾ, ದೀಪದ ಟೈಮರ್, ಈ ಮೂರನ್ನು ಒಮ್ಮೆ ನೋಡಿಬಿಡಿ, ಷಬ್ಬಾತಿನಲ್ಲಿ ಅವರು ಸ್ವಿಚ್ ಒತ್ತುವುದಿಲ್ಲ. ಟೈಮರ್ ಇಡುತ್ತಿದ್ದದ್ದು ಅಜ್ಜನಾಗಿದ್ದರೆ ಈ ವಾರ ಯಾರಿಗೂ ನೆನಪಿರುವುದಿಲ್ಲ, ರಾತ್ರಿಯಿಡೀ ನಡುಮನೆಯ ಲೈಟು ಉರಿಯುತ್ತದೆ, ಇಲ್ಲವೇ ಬಚ್ಚಲು ಕತ್ತಲಾಗಿ ಅಜ್ಜಿ ಬೀಳುತ್ತಾರೆ.

ಕಿದ್ದುಷ್, ಅಂದರೆ ವೈನ್ ಮೇಲಿನ ಪ್ರಾರ್ಥನೆ. ಈ ವಾರ ಮಗ ಹೇಳಿಯಾನು. ಮಕ್ಕಳು ತಂತಮ್ಮ ಮನೆಗೆ ಹೋದ ಮೇಲೆ ಅಜ್ಜಿಯೇ ಹೇಳಬಹುದು, ಹೇಳಲೇಬೇಕು ಎನ್ನಿ, ಆ ಕರ್ತವ್ಯ ಹೆಂಗಸರಿಗೂ ಇದೆ. ಲೋಟಕ್ಕೆ ಕನಿಷ್ಠ 86 ಮಿಲಿ ಹಿಡಿಯಬೇಕು, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುಡಿದರೆ ಆಯಿತು. ಶುಗರ್ ಇರುವವರಿಗೆ ದ್ರಾಕ್ಷಿ ರಸಕ್ಕಿಂತ ಸಕ್ಕರೆ ಹಾಕದ ಡ್ರೈ ವೈನ್ ಮೇಲು, ಮಾತ್ರೆಯ ಜೊತೆ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ. ಅಜ್ಜನ ಬೆಳ್ಳಿ ಲೋಟ ಭಾರವಿದ್ದರೆ ಸಣ್ಣದೊಂದು ಇಡಿ. ಓದಲು ದೊಡ್ಡ ಅಕ್ಷರದ ಪ್ರತಿ ಬೇಕಾಗುತ್ತದೆ. ಇಷ್ಟು ವರ್ಷ ಕೇಳಿ ಬಾಯಿಪಾಠ ಇದ್ದರೂ ಸ್ವಂತ ದನಿಯಲ್ಲಿ ಹೇಳುವಾಗ ಅರ್ಧಕ್ಕೇ ತಪ್ಪುತ್ತದೆ.

ಅದಕ್ಕೂ ಮೊದಲು ಒಂದಿದೆ. ಎಷ್ಟೋ ಮನೆಗಳಲ್ಲಿ ಶುಕ್ರವಾರ ರಾತ್ರಿ ಗಂಡ ಹೆಂಡತಿಗೆ 'ಎಷೆತ್ ಖಾಯಿಲ್' ಹಾಡುತ್ತಾನೆ, ಒಳ್ಳೆಯ ಹೆಂಡತಿಯನ್ನು ಹೊಗಳುವ ಹಾಡು, ಬೈಬಲಿನ ಜ್ಞಾನೋಕ್ತಿ 31ನೇ ಅಧ್ಯಾಯದ ಕೊನೆಯ 22 ವಚನ. ಅಜ್ಜನಿಗೆ ಆ ರೂಢಿ ಇತ್ತೇ ಎಂದು ನಿಮಗೆ ಗೊತ್ತಿರುತ್ತದೆ. ಇದ್ದರೆ ಮಗನಿಗೆ ನೆನಪು ಮಾಡಿ, ಹಾಡುವುದೋ ಬಿಡುವುದೋ ಅಮ್ಮನನ್ನೇ ಕೇಳಲಿ. ಕೇಳದೆ ಬಿಟ್ಟರೂ ನೋವು, ಕೇಳದೆ ಹಾಡಿದರೂ ನೋವು.

ಖಲ್ಲಾ ಬ್ರೆಡ್ಡು. ಒಬ್ಬರೇ ಇದ್ದರೂ ಮೇಜಿನ ಮೇಲೆ ಎರಡು ಇಡೀ ಬ್ರೆಡ್ಡು ಇರಬೇಕು. ಅಂಗಡಿಯ ದೊಡ್ಡ ಖಲ್ಲಾ ಎರಡು ತಂದರೆ ಮುಕ್ಕಾಲು ಭಾಗ ಬೂಸ್ಟು ಹಿಡಿದು ತಿಪ್ಪೆಗೆ ಹೋಗುತ್ತದೆ, ಪ್ರತಿ ಭಾನುವಾರ ಅದನ್ನು ಎಸೆಯುವುದೇ ಅಜ್ಜಿಗೊಂದು ಸಂಕಟ. ಸಣ್ಣ ಬನ್ನಿನಷ್ಟೇ ಇದ್ದರೂ ಇಡಿಯಾಗಿದ್ದರೆ ಸಾಕು. 500 ಗ್ರಾಂ ಮೈದಾ, 7 ಗ್ರಾಂ ಒಣ ಈಸ್ಟ್, 2 ಚಮಚ ಸಕ್ಕರೆ, 1 ಚಮಚ ಉಪ್ಪು (ಟೀ ಚಮಚ), 1 ಮೊಟ್ಟೆ, ಕಾಲು ಕಪ್ ಎಣ್ಣೆ, ಸುಮಾರು 220 ಮಿಲಿ ಉಗುರುಬೆಚ್ಚಗಿನ ನೀರು. ನೀರನ್ನು ಒಮ್ಮೆಗೇ ಸುರಿಯದೆ ಹಿಟ್ಟು ನೋಡಿಕೊಂಡು ಹಾಕಿ, ಅಂಟಾದರೆ ಜಡೆ ನಿಲ್ಲುವುದಿಲ್ಲ. ನಾದಿ, ಎರಡರಷ್ಟು ಉಬ್ಬಿದ ಮೇಲೆ ಎಂಟು ಉಂಡೆ, ಪ್ರತಿಯೊಂದನ್ನೂ ಸಣ್ಣ ಜಡೆ ಹೆಣೆದು ಇನ್ನೊಮ್ಮೆ 40 ನಿಮಿಷ ಬಿಟ್ಟು, 180 ಡಿಗ್ರಿಯಲ್ಲಿ ಸುಮಾರು 18-20 ನಿಮಿಷ. ಆರಿದ ಮೇಲೆ ಎರಡೆರಡಾಗಿ ಕಟ್ಟಿ ಫ್ರೀಜರಿಗೆ. ಬೆಣ್ಣೆ, ಹಾಲು ಹಾಕಬೇಡಿ, ಮಾಂಸದ ಊಟಕ್ಕೆ ಆಗುವುದಿಲ್ಲ. ಜಡೆ ಹೆಣೆಯುವುದನ್ನು ಅಜ್ಜಿಗೇ ಬಿಡಿ. ಮರೆವು ಇದ್ದವರ ಕೈಗೂ ಅದು ಮರೆತಿರುವುದಿಲ್ಲ. ಓವನ್ ಮನೆಯವರು ಹಚ್ಚಲಿ.

---

ಪುತ್ತೂರು ನರ್ಸ್

ಅಕ್ಕ, "ಅವರೆಲ್ಲಿ" ಪ್ರಶ್ನೆಗೆ. ಮರೆವಿನವರಿಗೆ ಪ್ರತಿ ಸಲವೂ "ಅವರು ತೀರಿಕೊಂಡರಲ್ಲ" ಎಂದು ಹೇಳಿದರೆ ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ಆಗುತ್ತದೆ. "ಪೇಟೆಗೆ ಹೋಗಿದ್ದಾರೆ, ಈಗ ಬರುತ್ತಾರೆ" ಎಂದರೆ ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತಾರೆ, ರಾತ್ರಿಯಾದರೆ ಗಾಬರಿ ಹೆಚ್ಚುತ್ತದೆ. ಎರಡೂ ಬೇಡ. "ಈಗ ಇಲ್ಲಿಲ್ಲ. ನೆನಪಾಯಿತಾ?" ಎಂದು ಕೇಳಿ ಅವರ ಬಗ್ಗೆಯೇ ಮಾತಿಗೆಳೆಯಿರಿ: ಚಹಾ ಹೇಗೆ ಕುಡಿಯುತ್ತಿದ್ದರು, ಯಾವ ಕುರ್ಚಿ ಇಷ್ಟ. ಅಜ್ಜಿಯೇ ನೇರವಾಗಿ "ಸತ್ತುಹೋದರಾ?" ಎಂದು ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ. "ಹೌದು, ನೀವೂ ಜೊತೆಗಿದ್ದಿರಿ" ಎಂದು ಒಂದೇ ಮಾತು, ಕೈ ಹಿಡಿದು ಕೂರಿ. ಮಕ್ಕಳೂ ನೀವೂ ಒಂದೇ ಥರ ಹೇಳಬೇಕು. ಒಬ್ಬೊಬ್ಬರು ಒಂದೊಂದು ಹೇಳಿದರೆ ಅಜ್ಜಿಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ.

ಮಾತ್ರೆಯನ್ನು ವಾರದ ಡಬ್ಬಿಯಲ್ಲಿ ಹಾಕಿ ನಿಮ್ಮ ಕೋಣೆಯಲ್ಲೇ ಇಡಿ. ಬಂದವರು ನಿದ್ದೆ ಮಾತ್ರೆ ಕೊಟ್ಟು ಹೋಗುವುದುಂಟು. 84 ವಯಸ್ಸಿಗೆ ಡಾಕ್ಟರನ್ನು ಕೇಳದೆ ಒಂದೂ ಬೇಡ, ರಾತ್ರಿ ಎದ್ದು ಬೀಳುವುದು ಅದರಿಂದಲೇ. ಬಂದವರ ಜೊತೆ ಕೂತು ಕೂತು ನೀರು ಕುಡಿಯುವುದು ಮರೆಯುತ್ತಾರೆ, ಎರಡು ಗಂಟೆಗೊಮ್ಮೆ ಕೈಗೆ ಲೋಟ ಕೊಡಿ. ತಟ್ಟನೆ ಗೊಂದಲ ಹೆಚ್ಚಿದರೆ ದುಃಖ ಎಂದು ಬಿಟ್ಟುಬಿಡಬೇಡಿ. ಶುಗರ್ ನೋಡಿ, ಜ್ವರ ನೋಡಿ, ಉರಿಮೂತ್ರ ಇದೆಯಾ ನೋಡಿ.

---

ಬೆನಕ

ಸಾಮಾನಿನ ವಿಷಯ ಬಿಟ್ಟುಹೋಗಿತ್ತು. ಏಳು ದಿನದೊಳಗೆ ಯಾವುದನ್ನೂ ತೆಗೆದಿಡಬೇಡಿ, ಕನ್ನಡಕ ಮೇಜಿನ ಮೇಲಿದ್ದರೆ ಮೇಜಿನ ಮೇಲೇ ಇರಲಿ. ಕಣ್ಮರೆ ಮಾಡಿದರೆ ಅಜ್ಜಿ ಅದನ್ನೇ ಹುಡುಕುತ್ತಾ ಅಲೆಯುತ್ತಾರೆ. ಪ್ರಾರ್ಥನೆಯ ಶಾಲು (ತಲ್ಲೀತ್) ಕೇಳಬೇಡಿ, ಇಸ್ರೇಲಿನಲ್ಲಿ ಗಂಡಸರನ್ನು ಹೆಚ್ಚಾಗಿ ಪೆಟ್ಟಿಗೆಯಿಲ್ಲದೆ ಅದರಲ್ಲೇ ಸುತ್ತಿ ಮಣ್ಣು ಮಾಡುತ್ತಾರೆ. ತೆಫಿಲ್ಲಿನ್ (ಪ್ರಾರ್ಥನೆಯ ಹೊತ್ತು ಕೈಗೂ ಹಣೆಗೂ ಕಟ್ಟುವ, ಶಾಸ್ತ್ರವಚನ ಬರೆದಿಟ್ಟ ಪುಟ್ಟ ಪೆಟ್ಟಿಗೆ) ಇದ್ದರೆ ಮೊಮ್ಮಗನಿಗೆ ಹೋಗುತ್ತದೆ, ಲಿಪಿಕಾರರ ಹತ್ತಿರ ಅಕ್ಷರ ಪರೀಕ್ಷೆ ಮಾಡಿಸಿ ಕೊಡುತ್ತಾರೆ. ಹರಿದ ಪ್ರಾರ್ಥನೆ ಪುಸ್ತಕ ಕಸಕ್ಕೆ ಹಾಕುವಂತಿಲ್ಲ, ಸಿನಗಾಗಿನ (ಅವರ ಪ್ರಾರ್ಥನಾ ಮಂದಿರ) ಗೆನಿಜಾ ಡಬ್ಬಕ್ಕೆ, ಅದು ಹಳೆಯ ಪವಿತ್ರ ಪುಸ್ತಕಗಳಿಗೇ ಇರುವುದು. ಅಂಗಿ, ಕೋಟು ಬಡವರಿಗೆ ಕೊಡುತ್ತಾರೆ. ತೀರಿಕೊಂಡವರ ಶೂಗಳನ್ನು ಅನೇಕರು ಯಾರಿಗೂ ಕೊಡುವುದಿಲ್ಲ, ಆದ್ದರಿಂದ ನಿಮಗೆ ಕೊಡಲಿಲ್ಲ ಎಂದು ತಪ್ಪು ತಿಳಿಯಬೇಡಿ. ಯಾದ್ ಸಾರಾದಿಂದ (ರೋಗಿಗಳ ಉಪಕರಣ ಎರವಲು ಕೊಡುವ ಸೇವಾಸಂಸ್ಥೆ) ಎರವಲು ತಂದ ವೀಲ್‌ಚೇರ್, ಆಕ್ಸಿಜನ್ ಯಂತ್ರ ಇದ್ದರೆ ವಾಪಸು ಕೊಡಬೇಕು, ರಸೀದಿ ಹುಡುಕಿಡಿ, ಡಿಪಾಸಿಟ್ ಸಿಗುತ್ತದೆ.

---

ಹೈಫಾ ಕನ್ನಡಿಗ

ಏಳರ ನಂತರದ್ದು. 30 ದಿನ ಎಂದರೆ ನಿಮ್ಮ ಲೆಕ್ಕದಲ್ಲಿ ನಾಲ್ಕು ವಾರ ಕಳೆದು ಬರುವ ಬುಧವಾರ. ಇಸ್ರೇಲಿನಲ್ಲಿ ಸಮಾಧಿ ಕಲ್ಲು ಹೆಚ್ಚಾಗಿ ಆ ಹೊತ್ತಿಗೇ ನಿಲ್ಲಿಸುತ್ತಾರೆ. ಹೂವಿನ ಬದಲು ಸಣ್ಣ ಕಲ್ಲಿಟ್ಟು ಬರುತ್ತಾರೆ. ದಾರಿ ವಾಕರಿಗೆ ಆಗುತ್ತದಾ ಎಂದು ಮೊದಲೇ ವಿಚಾರಿಸಿ, ವೀಲ್‌ಚೇರ್, ಕೊಡೆ, ನೀರು ಇರಲಿ.

ಶಾಸ್ತ್ರದ ಪ್ರಕಾರ ಗಂಡನಿಗಾಗಿ ಶೋಕ ಅಷ್ಟಕ್ಕೇ ಮುಗಿಯಿತು. ತಂದೆಗಾಗಿ ಮಕ್ಕಳಿಗೆ 12 ತಿಂಗಳು, ಗಂಡುಮಕ್ಕಳು 11 ತಿಂಗಳು ದಿನಾ ಕದ್ದಿಷ್ (ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆ) ಹೇಳಲು ಹೋಗುತ್ತಾರೆ, ಅಲ್ಲಿ ಹತ್ತು ಜನ ಜೊತೆಗಿರುತ್ತಾರೆ. 60 ವರ್ಷ ಜೊತೆಗಿದ್ದ ಹೆಂಡತಿಗೆ ತಿಂಗಳೊಳಗೆ ಹೇಳಲು ಮಾಡಲು ಏನೂ ಉಳಿಯುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ಇರುವುದು ಹೀಗೆ. ಎಂಟನೇ ದಿನದಿಂದ ಬರುವವರೂ ನಿಲ್ಲುತ್ತಾರೆ. ಮಗಳಿಗೆ ಹೇಳಿ ವಾರಕ್ಕೆ ಇಬ್ಬರಾದರೂ ಬರುವ ಹಾಗೆ ಪಟ್ಟಿ ಮಾಡಿಸಿ, ಮಧ್ಯಾಹ್ನಕ್ಕಿಂತ ಸಂಜೆ ಒಳ್ಳೆಯದು. ಒಂದು ಗೊಂದಲ ಇಲ್ಲಿ ಏಳುತ್ತದೆ: ಮದುವೆ ಊಟ, ಸಂಗೀತಕ್ಕೆ ಮಕ್ಕಳು ವರ್ಷವಿಡೀ ಹೋಗುವುದಿಲ್ಲ, 30 ಕಳೆದ ಮೇಲೆ ಅಜ್ಜಿ ಹೋಗಬಹುದು. ಅವರನ್ನು ತಡೆಯಬೇಡಿ. ಉಂಗುರ ತೆಗೆಯಬೇಕು, ಬಣ್ಣದ ಬಟ್ಟೆ ಬಿಡಬೇಕು ಎಂಬುದೂ ಇಲ್ಲಿಲ್ಲ. ವಿಧವೆಯನ್ನು ನೋಯಿಸಬಾರದು ಎಂಬುದು ಅವರ ಧರ್ಮಗ್ರಂಥ ತೋರಾದಲ್ಲೇ ಇದೆ, ವಿಮೋಚನಕಾಂಡ 22ರಲ್ಲಿ. ಹಾಗಂತ ಎಲ್ಲವೂ ಚೆನ್ನ ಎಂದಲ್ಲ. ಕೆಲವು ಅಶ್ಕೆನಾಜಿ ಮನೆಗಳಲ್ಲಿ ಮೊಮ್ಮಕ್ಕಳನ್ನು ಮದುವೆ ಮಂಟಪಕ್ಕೆ ಕರೆದೊಯ್ಯಲು ಗಂಡ ಹೆಂಡತಿ ಇಬ್ಬರೂ ಇರುವ ಜೋಡಿಯನ್ನೇ ಹುಡುಕುತ್ತಾರೆ.

ವರ್ಷದ ದಿನವನ್ನು ಯಾರ್ಟ್‌ಸೈಟ್ ಎನ್ನುತ್ತಾರೆ. ನಮ್ಮ ತಿಥಿಯ ಹಾಗೆ ಅವರ ಚಾಂದ್ರಮಾನ ತಾರೀಖಿಗೆ, ಅದೂ ತೀರಿಕೊಂಡ ದಿನಕ್ಕೆ. ದಿನ ಶುರುವಾಗುವುದು ಸೂರ್ಯಾಸ್ತದಿಂದ. ಅಜ್ಜ ಹೋದದ್ದು ಸೋಮವಾರ ರಾತ್ರಿ ಹತ್ತಕ್ಕಾದ್ದರಿಂದ ಹೀಬ್ರೂ ತಾರೀಖು ಮಂಗಳವಾರದ್ದು. ಆಸ್ಪತ್ರೆ ಕಾಗದದಲ್ಲಿ ಸೋಮವಾರ ಎಂದಿರುತ್ತದೆ, ಅದನ್ನು ನೋಡಿ ತಾರೀಖು ತೆಗೆದರೆ ಒಂದು ದಿನ ಹಿಂದಾಗುತ್ತದೆ. ಅವರಿಗೂ 19 ವರ್ಷಕ್ಕೆ 7 ಅಧಿಕ ಮಾಸ ಇದೆ, ಆದ್ದರಿಂದ ಇಂಗ್ಲಿಷ್ ತಾರೀಖು ಪ್ರತಿ ವರ್ಷ ಆಚೀಚೆ ಹೋಗುತ್ತದೆ. 24 ಗಂಟೆಯ ದೀಪವನ್ನು ಹಿಂದಿನ ಸಂಜೆಯೇ ಹಚ್ಚಬೇಕು.

ಅಕ್ಕ, ಕೊನೆಗೆ ನಿಮ್ಮದೂ ನೋಡಿಕೊಳ್ಳಿ. ಪರ್ಮಿಟ್ ಅಜ್ಜನ ಹೆಸರಲ್ಲಿತ್ತಾ, ಅಜ್ಜಿಯ ಹೆಸರಲ್ಲಾ? ಅಜ್ಜನದಾಗಿದ್ದರೆ ಅದೇ ಮನೆಯಲ್ಲಿ ಇದ್ದರೂ ಅಜ್ಜಿಯ ಹೆಸರಿಗೆ ಬೇರೆಯೇ ಪರ್ಮಿಟ್ ಆಗಬೇಕು, ತಾನಾಗಿ ಬದಲಾಗುವುದಿಲ್ಲ. ಲಿಷ್ಕಾಗೆ (ಕೇರ್‌ಗಿವರ್‌ಗಳ ಕೆಲಸ ನೋಡಿಕೊಳ್ಳುವ ಏಜೆನ್ಸಿ) ಈ ವಾರವೇ ಫೋನ್ ಮಾಡಿ. ಏಳು ದಿನ ಮಕ್ಕಳು ಕಚೇರಿ ಕೆಲಸ ಮಾಡುವುದಿಲ್ಲ, ಸೋಮವಾರ ಎದ್ದ ಮೇಲೆ ಸಹಿ ಹಾಕಿಸಿ.

---

ಕಟಪಾಡಿಯವಳು

ಅಜ್ಜನ ಹೆಸರಲ್ಲಿದೆ. ಲಿಷ್ಕಾಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. ಬಕೆಟ್, ಚೊಂಬು ಹೊರಗಿಟ್ಟಾಯಿತು, ಬಚ್ಚಲಿನ ಕನ್ನಡಿಯೂ ಮುಚ್ಚಾಯಿತು. ಖಲ್ಲಾ ಹಿಟ್ಟಿಗೆ ಇಲ್ಲಿ ಸಿಗುವ ಹಸಿ ಈಸ್ಟ್ ಹಾಕುವುದಾದರೆ ಎಷ್ಟು?

---

ಕುಂದಾಪ್ರದ ಬಾಣಸಿಗ

ಒಣದ್ದರ ಮೂರು ಪಟ್ಟು. ಇಷ್ಟು ಹಿಟ್ಟಿಗೆ ಸುಮಾರು 20 ಗ್ರಾಂ, ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಾಕಿ.